ಕಟಕಟೆಯಿಂದ ಇಳಿದ ಬೆಕ್ಕು

ನಮ್ಮಲ್ಲಿ ಬೆಕ್ಕಿಗೆ ಒಳ್ಳೆಯ ಹೆಸರಿಲ್ಲ. ಕಣ್ಣು ಮುಚ್ಚಿ ಹಾಲು ಕುಡಿದು ಲೋಕ ನೋಡಲಿಲ್ಲ ಅಂದುಕೊಳ್ಳುವ ಕಳ್ಳ ಅದು. ಅದಕ್ಕೆ ಆಟ, ಇಲಿಗೆ ಪ್ರಾಣಸಂಕಟ. ಅದರ ಕೊರಳಿಗೆ ಗಂಟೆ ಕಟ್ಟುವವರು ಯಾರು ಎಂಬ ಪ್ರಶ್ನೆ ಇಲಿಗಳ ಸಭೆಯಲ್ಲಿ ಶುರುವಾಗಿ ವಿಧಾನಸೌಧದವರೆಗೆ ಬಂದರೂ ಇನ್ನೂ ಇತ್ಯರ್ಥವಾಗಿಲ್ಲ. ಪಂಚತಂತ್ರದಲ್ಲಿ ಅದಕ್ಕೆ ನ್ಯಾಯಾಧೀಶನ ಪಟ್ಟವೇ ಸಿಕ್ಕಿತ್ತು. ಒಂದು ಬಿಲಕ್ಕಾಗಿ ಜಗಳವಾಡಿದ ಮೊಲ ಮತ್ತು ಹಕ್ಕಿ, ತಪಸ್ವಿಯ ಹಾಗೆ ಕೂತಿದ್ದ ಬೆಕ್ಕಿನ ಬಳಿ ನ್ಯಾಯ ಕೇಳಲು ಹೋದವು. ವಯಸ್ಸಾಯಿತು, ಕಿವಿ ಮಂದ, ಹತ್ತಿರ ಬಂದು ಹೇಳಿ ಎಂದಿತು ಬೆಕ್ಕು. ಹತ್ತಿರ ಹೋದವು. ವಾದಿ ಪ್ರತಿವಾದಿ ಇಬ್ಬರೂ ಒಂದೇ ಹೊಟ್ಟೆ ಸೇರಿದರು. ಮಹಾಭಾರತದ ಉದ್ಯೋಗಪರ್ವದಲ್ಲಿ ದುರ್ಯೋಧನ ಪಾಂಡವರನ್ನು ಹಂಗಿಸಲು ಉಲೂಕನ ಬಾಯಲ್ಲಿ ಹೇಳಿ ಕಳಿಸುವುದೂ ಇಂಥದೇ ಕಪಟ ಬೆಕ್ಕಿನ ಕತೆ. ತೆನಾಲಿ ರಾಮಕೃಷ್ಣನ ಬೆಕ್ಕು ಮಾತ್ರ ಹಾಲು ಕಂಡರೆ ಓಡುತ್ತದೆ, ಅದೂ ಬಿಸಿ ಹಾಲಿಗೆ ಮೂತಿ ಸುಟ್ಟುಕೊಂಡ ಮೇಲೆ.

ಒಟ್ಟಿನಲ್ಲಿ ನಮ್ಮ ಕತೆಗಳಲ್ಲಿ ಬೆಕ್ಕಿನ ಜಾಗ ಕಟಕಟೆ. ಅದನ್ನು ಅಲ್ಲಿಂದ ಇಳಿಸಿ ಪತ್ತೇದಾರನ ಕುರ್ಚಿಯಲ್ಲಿ ಕೂರಿಸಿದ ಕಾದಂಬರಿಗಳು ಇಂಗ್ಲಿಷಿನಲ್ಲೂ ಜಪಾನಿಯಲ್ಲೂ ಕಪಾಟುಗಟ್ಟಲೆ ಇವೆ ಎಂದಾಗ ಮೊದಲು ಬರುವುದು ನಗುವೇ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಓದಿ ಬೆಳೆದ ತಲೆಮಾರಿಗೆ ಪತ್ತೇದಾರ ಎಂದರೆ ಬೆನ್ನಟ್ಟುವವನು, ಕೊನೆಗೆ ಅಪರಾಧಿಯ ಕೈಗೆ ಕೋಳ ಬೀಳುವಂತೆ ಮಾಡುವವನು. ನಾಲ್ಕನೇ ತರಗತಿಯವರೆಗೆ ಓದಿದ ನರಸಿಂಹಯ್ಯನವರು ಐನೂರಕ್ಕೂ ಹೆಚ್ಚು ಕಾದಂಬರಿ ಬರೆದು, ಪುಸ್ತಕ ಮುಟ್ಟದವರ ಕೈಗೂ ಪುಸ್ತಕ ಹಿಡಿಸಿದರು. ಆ ಓಟದ ಲೋಕದಲ್ಲಿ, ದಿನದ ಅರ್ಧಕ್ಕಿಂತ ಹೆಚ್ಚು ಹೊತ್ತು ಮಲಗಿರುವ ಪ್ರಾಣಿಗೆ ಏನು ಕೆಲಸ?

ನಕ್ಕು ಮುಗಿದ ಮೇಲೂ ಆ ಪ್ರಶ್ನೆ ಉಳಿಯುತ್ತದೆ. ಲಕ್ಷಾಂತರ ಜನ, ಅದೂ ಕೊಲೆಯಂಥ ವಿಷಯದಲ್ಲಿ, ಬೆಕ್ಕನ್ನು ಯಾಕೆ ನಂಬುತ್ತಾರೆ?

ಈ ಬಗೆಯ ಕಾದಂಬರಿಗೆ ಪ್ರಕಾಶಕರು ಇಟ್ಟಿರುವ ಹೆಸರು ‘ಕೋಜಿ’. ಸಣ್ಣ ಊರು, ಒಂದು ಕೊಲೆ, ರಕ್ತ ಕಡಿಮೆ, ಚಹಾ ಜಾಸ್ತಿ, ಪೊಲೀಸರಿಗಿಂತ ಚುರುಕಾದ ಒಬ್ಬ ಹವ್ಯಾಸಿ. ಕೊನೆಯ ಪುಟದ ಹೊತ್ತಿಗೆ ಎಲ್ಲ ಬಗೆಹರಿದು ಓದುಗರು ನೆಮ್ಮದಿಯಾಗಿ ದೀಪ ಆರಿಸಬಹುದು. ಅಗಾಥಾ ಕ್ರಿಸ್ಟಿಯ ಮಿಸ್ ಮಾರ್ಪಲ್ ಈ ಮನೆತನದ ಹಿರಿಯಜ್ಜಿ. ಬೆಂಗಳೂರಿಗೂ ಈ ವಂಶ ಬಂದಿದೆ: ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಅವರ ‘ದ ಬ್ಯಾಂಗಲೋರ್ ಡಿಟೆಕ್ಟಿವ್ಸ್ ಕ್ಲಬ್’ 2022ರಲ್ಲಿ ಬಂತು. ಕತೆ ನಡೆಯುವುದು 1921ರ ಬೆಂಗಳೂರಿನಲ್ಲಿ. ಗಣಿತದ ಹುಚ್ಚಿರುವ ಎಳೆಯ ಗೃಹಿಣಿ ಕಾವೇರಿ ಅಲ್ಲಿ ಪತ್ತೇದಾರಿಗೆ ಇಳಿಯುತ್ತಾಳೆ.

ಬೆಕ್ಕಿಗೆ ಈ ಮನೆಯ ಬಾಗಿಲು ಅಗಲವಾಗಿ ತೆರೆದವರು ಅಮೆರಿಕದ ಪತ್ರಕರ್ತೆ ಲಿಲಿಯನ್ ಜಾಕ್ಸನ್ ಬ್ರೌನ್. ಅವರ ಮೊದಲ ಕಾದಂಬರಿ ‘ದ ಕ್ಯಾಟ್ ಹೂ ಕುಡ್ ರೀಡ್ ಬ್ಯಾಕ್‌ವರ್ಡ್ಸ್’ ಬಂದದ್ದು 1966ರಲ್ಲಿ. ಇನ್ನೆರಡು ಬಂದವು; ಆಮೇಲೆ ಹದಿನೆಂಟು ವರ್ಷ ಮೌನ; 1986ರಲ್ಲಿ ಮತ್ತೆ ಶುರುವಾಗಿ ಒಟ್ಟು 29 ಕಾದಂಬರಿಗಳಾದವು. 2011ರಲ್ಲಿ ತೀರಿಕೊಂಡಾಗ ಬ್ರೌನ್ ಅವರಿಗೆ 97 ವರ್ಷ. ಕಥಾನಾಯಕ ಕ್ವಿಲ್ಲರನ್ ಹಿಂದೆ ಹೆಸರಾಂತ ಅಪರಾಧ ವರದಿಗಾರ; ಮದುವೆ ಮುರಿದು, ಕುಡಿತಕ್ಕೆ ಬಿದ್ದು, ಎಲ್ಲ ಕಳೆದುಕೊಂಡು ಹೊಸ ಊರಿನ ಪತ್ರಿಕೆಗೆ ಬಂದವನು. ಅಲ್ಲಿ ಕೊಲೆಯಾದ ಕಲಾವಿಮರ್ಶಕನೊಬ್ಬನ ಸಯಾಮೀಸ್ ಬೆಕ್ಕು ಕೋಕೊ ಇವನ ಪಾಲಿಗೆ ಬರುತ್ತದೆ. ಕೋಕೊ ಮಾತಾಡುವುದಿಲ್ಲ, ಪೊಲೀಸರಿಗೆ ದಾರಿ ತೋರಿಸುವುದೂ ಇಲ್ಲ. ಕಪಾಟಿನಿಂದ ಒಂದು ಪುಸ್ತಕ ಕೆಳಗೆ ಕೆಡವುತ್ತದೆ, ಯಾವುದೋ ಮೂಲೆಯನ್ನು ಮೂಸುತ್ತದೆ, ಹೊತ್ತಲ್ಲದ ಹೊತ್ತಿನಲ್ಲಿ ಒರಲುತ್ತದೆ. ಅದು ಸುಳಿವೋ, ಬರೀ ಬೆಕ್ಕಾಟವೋ? ಬ್ರೌನ್ ಕೊನೆಯವರೆಗೂ ಬಾಯಿ ಬಿಡುವುದಿಲ್ಲ.

ಜಪಾನಿನ ಜಿರೋ ಅಕಾಗವಾ 1978ರಲ್ಲಿ ಶುರು ಮಾಡಿದ ಮಾಲಿಕೆಯಲ್ಲಿ ಬೆಕ್ಕಿನ ಹೆಸರೇ ಹೋಮ್ಸ್. ಮೂರು ಬಣ್ಣದ ಹೆಣ್ಣು ಬೆಕ್ಕು; ಅದರ ಜೊತೆಗಾರ ಕತಯಾಮ ಎಂಬ ಪೊಲೀಸ್ ಪತ್ತೇದಾರನಿಗೆ ರಕ್ತ ಕಂಡರೆ ಆಗದು. ರೀಟಾ ಮೇ ಬ್ರೌನ್ 1990ರಿಂದ ಬರೆದ ಮಾಲಿಕೆಯಲ್ಲಿ ಮಿಸೆಸ್ ಮರ್ಫಿ ಎಂಬ ಪಟ್ಟೆ ಬೆಕ್ಕು, ಜೊತೆಗೊಂದು ನಾಯಿ. ಪ್ರಾಣಿಗಳು ತಮ್ಮೊಳಗೆ ಎಲ್ಲವನ್ನೂ ಮಾತಾಡಿಕೊಳ್ಳುತ್ತವೆ. ಮನುಷ್ಯರ ಕಿವಿಗೆ ಬೀಳುವುದು ಮಿಯಾಂವ್ ಮಾತ್ರ. ಆ ಪುಸ್ತಕಗಳ ರಕ್ಷಾಪುಟದಲ್ಲಿ ಲೇಖಕಿಯ ಸಾಕು ಬೆಕ್ಕು ಸ್ನೀಕಿ ಪೈ ಬ್ರೌನ್ ಸಹಲೇಖಕಿ ಎಂದು ಹೆಸರು ಹಾಕಿಸಿಕೊಂಡಿದೆ.

ಮೂರು ಕಡೆಯೂ ಏರ್ಪಾಡು ಒಂದೇ. ಬೆಕ್ಕಿಗೆ ಗೊತ್ತಿದೆ. ಅದು ಹೇಳುವುದಿಲ್ಲ, ಇಲ್ಲವೇ ಹೇಳಿದ್ದು ತಲುಪುವುದಿಲ್ಲ. ಹಾಗಾಗಿ ಪತ್ತೆ ಕೆಲಸ ನಿಜವಾಗಿ ಬೀಳುವುದು ಜೊತೆಯಲ್ಲಿರುವ ಮನುಷ್ಯನ ಮೇಲೆ. ಕೋಕೊ ಬರುವ ಮೊದಲು ಕ್ವಿಲ್ಲರನ್ ತನ್ನ ಸೋಲನ್ನೇ ನೋಡಿಕೊಂಡು ಕೂತವನು. ಬೆಕ್ಕು ಬಂದ ಮೇಲೆ ತನ್ನ ಜೊತೆ ಮಾತಾಡದ ಒಂದು ಜೀವವನ್ನು ದಿನವೂ ಗಮನಿಸುವುದು ಅವನಿಗೆ ಅಭ್ಯಾಸವಾಗುತ್ತದೆ: ಏನು ತಿಂದಿತು, ಎಲ್ಲಿ ಕೂತಿತು, ಯಾರು ಬಂದಾಗ ಬಾಲ ದಪ್ಪವಾಯಿತು. ಕೊಲೆಗಾರ ಸಿಗುವುದು ಈ ಅಭ್ಯಾಸದ ಉಪಫಲ. ಇಪ್ಪತ್ತೊಂಬತ್ತು ಪುಸ್ತಕಗಳ ಉದ್ದಕ್ಕೂ ನಡೆಯುವುದು ಒಬ್ಬ ಒಡೆದ ಮನುಷ್ಯ ಮತ್ತೆ ಗಮನ ಕೊಡಲು ಕಲಿಯುವ ಕತೆ.

ಹೀಗೆ ಕಲಿಯುವವರನ್ನು ನೋಡಬೇಕೆಂದರೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜಿನ ಆಸ್ಪತ್ರೆಗೆ ಹೋಗಬೇಕು. 1925ರಲ್ಲಿ ಮೈಸೂರು ಸಂಸ್ಥಾನ ಜಾನುವಾರುಗಳ ಲಸಿಕೆಗಾಗಿ ಹೆಬ್ಬಾಳದಲ್ಲಿ ಸೀರಂ ಇನ್‌ಸ್ಟಿಟ್ಯೂಟ್ ತೆರೆಯಿತು. 1958ರಲ್ಲಿ ಕಾಲೇಜು ಬಂತು. ಎತ್ತು ಎಮ್ಮೆಗಳಿಗಾಗಿ ಹುಟ್ಟಿದ ಆವರಣಕ್ಕೆ ಈಗ ತರಕಾರಿ ಬುಟ್ಟಿಯಲ್ಲಿ, ಟವೆಲ್ ಸುತ್ತಿ, ಬೆಕ್ಕುಗಳೂ ಬರುತ್ತವೆ. ಅಲ್ಲಿ ರೋಗಿ ತಾನಾಗಿ ಏನೂ ಹೇಳುವುದಿಲ್ಲ. ಡಾಕ್ಟರು ಕೇಳುವುದು ತಂದವರನ್ನು: ಯಾವಾಗಿಂದ ತಿಂದಿಲ್ಲ? ನೀರು? ವಾಂತಿ? ಮೂತ್ರ? ಗಂಡು ಬೆಕ್ಕೊಂದು ಮರಳಿನ ತಟ್ಟೆಗೆ ಮತ್ತೆ ಮತ್ತೆ ಹೋಗಿ ತಿಣುಕಿ ಏನೂ ಮಾಡದೆ ಎದ್ದು ಬರುತ್ತಿದ್ದರೆ ಮೂತ್ರನಾಳ ಕಟ್ಟಿರಬಹುದು; ತಡ ಮಾಡಿದರೆ ಒಂದೆರಡು ದಿನದಲ್ಲಿ ಪ್ರಾಣವೇ ಹೋದೀತು. ಇದನ್ನು ಮನೆಯಲ್ಲಿ ಯಾರಾದರೂ ನೋಡಿದ್ದರೆ ಬೆಕ್ಕು ಉಳಿಯುತ್ತದೆ, ನೋಡಿರದಿದ್ದರೆ ಇಲ್ಲ. ‘ನೆನ್ನೆ ರಾತ್ರಿಯಿಂದ ನಾಲ್ಕು ಸಲ ಹೋಯ್ತು ಡಾಕ್ಟ್ರೇ, ತಟ್ಟೆ ಮಾತ್ರ ಒಣಗೇ ಇತ್ತು’ ಎನ್ನುವ ಹುಡುಗ ಪತ್ತೇದಾರ. ‘ಗೊತ್ತಿಲ್ಲ ಸಾರ್, ಮಂಕಾಗಿದೆ’ ಎನ್ನುವವನೂ ಪ್ರೀತಿಯಿಂದಲೇ ಸಾಕಿರಬಹುದು, ಆದರೆ ಆ ಪ್ರೀತಿ ನೋಡಿಲ್ಲ.

ವೈದ್ಯಕ್ಕೂ ಪತ್ತೇದಾರಿಗೂ ನಂಟು ಹಳೆಯದು. ಷರ್ಲಾಕ್ ಹೋಮ್ಸ್‌ನನ್ನು ಸೃಷ್ಟಿಸಿದ ಕಾನನ್ ಡಾಯ್ಲ್ ವೈದ್ಯ. ಹೋಮ್ಸ್‌ಗೆ ಮಾದರಿಯಾದವರು ಎಡಿನ್‌ಬರೋದ ವೈದ್ಯಗುರು ಜೋಸೆಫ್ ಬೆಲ್. ಇಟಲಿಯ ಇತಿಹಾಸಕಾರ ಕಾರ್ಲೊ ಗಿಂಜ್‌ಬರ್ಗ್ 1979ರಲ್ಲಿ ಬರೆದ ಹೆಸರಾಂತ ಪ್ರಬಂಧವೊಂದರಲ್ಲಿ ಈ ನಂಟನ್ನು ಇನ್ನೂ ಹಿಂದಕ್ಕೆ, ಹೆಜ್ಜೆ ಗುರುತು ನೋಡಿ ಮೃಗದ ಕತೆ ಕಟ್ಟುವ ಬೇಟೆಗಾರನವರೆಗೆ ಒಯ್ಯುತ್ತಾರೆ. ಶಕುನ ನೋಡುವವನನ್ನೂ ಅವರು ಇದೇ ಸಾಲಿನಲ್ಲಿ ಕೂರಿಸುತ್ತಾರೆ. ಇಬ್ಬರೂ ಸಣ್ಣ ಗುರುತನ್ನು ಓದುವವರೇ. ಒಬ್ಬ ಆಗಿಹೋದದ್ದರ ಕಡೆಗೆ ಓದುತ್ತಾನೆ, ಇನ್ನೊಬ್ಬ ಆಗಲಿರುವುದರ ಕಡೆಗೆ.

ಈ ಮಾತು ಓದಿದಾಗ ನನಗೆ ಕಣ್ಣೆದುರು ಬಂದದ್ದು ಯಶವಂತಪುರದ ಎಪಿಎಂಸಿ ಯಾರ್ಡಿನ ಸುತ್ತಲಿನ ಬೆಳಗು. ಗೋಣಿಚೀಲ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಬೆಕ್ಕು. ಲಾರಿಯ ಅಡಿಯಿಂದ ಒಂದು ಬೆಕ್ಕು ನುಸುಳಿ ರಸ್ತೆ ದಾಟಿದರೆ ಆಟೊದವರು ಬ್ರೇಕ್ ಒತ್ತುತ್ತಾರೆ, ಬೇರೆ ಯಾರಾದರೂ ಮೊದಲು ಮುಂದೆ ಹೋಗಲಿ ಎಂದು ಅರೆಗಳಿಗೆ ಕಾಯುತ್ತಾರೆ. ಹಿಂದಿನವರು ಹಾರ್ನ್ ಹೊಡೆದರೂ ಸರಿ. ಆ ಕಾದಂಬರಿಕಾರರು ಬೆಕ್ಕನ್ನು ಹಿಂದಕ್ಕೆ ಓದಿ ಪತ್ತೇದಾರ ಮಾಡಿದರು. ನಾವು ಮುಂದಕ್ಕೆ ಓದಿ ಅಪಶಕುನ ಮಾಡಿದೆವು. ಓದುವ ದಿಕ್ಕು ಬೇರೆಯಾದರೂ ಅಡಿಯಲ್ಲಿರುವ ನಂಬಿಕೆ ಒಂದೇ: ನಮಗೆ ಗೊತ್ತಿಲ್ಲದ ಏನೋ ಅದಕ್ಕೆ ಗೊತ್ತು. ದೇಹದ ಲೆಕ್ಕದಲ್ಲಿ ಅದು ಸುಳ್ಳೂ ಅಲ್ಲ. ಮನುಷ್ಯರ ಕಿವಿ ಸೆಕೆಂಡಿಗೆ ಸುಮಾರು 20 ಸಾವಿರ ಕಂಪನಗಳಲ್ಲಿ ಕೈಚೆಲ್ಲಿದರೆ ಬೆಕ್ಕಿನದು 60 ಸಾವಿರ ದಾಟುತ್ತದೆ. ಗೋಡೆಯೊಳಗಿನ ಇಲಿಮರಿಯ ಕೀರಲೂ ಅದಕ್ಕೆ ಕೇಳುತ್ತದೆ. ಅಡುಗೆಮನೆಯ ಕಿಟಕಿ, ಮಹಡಿಯ ಪ್ಯಾರಾಪೆಟ್, ಸಿಂಟೆಕ್ಸ್ ಟ್ಯಾಂಕಿನ ಹಿಂಬದಿ ಎಲ್ಲ ಅದರ ರಾಜಮಾರ್ಗ.

ಗೋಡೆಯಾಚೆಗಿನ ಸದ್ದು ಎಂದಾಗ ಎಡ್ಗರ್ ಅಲನ್ ಪೋ ನೆನಪಾಗಲೇಬೇಕು. ಪತ್ತೇದಾರಿ ಕತೆಯ ಹುಟ್ಟು ಎಂದು ಹೆಚ್ಚಿನವರು ಒಪ್ಪುವ ಅವನ ಕತೆ ಬಂದದ್ದು 1841ರಲ್ಲಿ. ಎರಡೇ ವರ್ಷಕ್ಕೆ ‘ದ ಬ್ಲ್ಯಾಕ್ ಕ್ಯಾಟ್’ ಬಂತು. ಹೆಂಡತಿಯನ್ನು ಕೊಂದು ನೆಲಮಾಳಿಗೆಯ ಗೋಡೆಯೊಳಗೆ ಸೇರಿಸಿದವನು ಅರಿವಿಲ್ಲದೆ ಬೆಕ್ಕನ್ನೂ ಒಳಗೇ ಬಿಟ್ಟು ಗಾರೆ ಮೆತ್ತಿರುತ್ತಾನೆ. ಪೊಲೀಸರು ಏನೂ ಸಿಗದೆ ಹೊರಡುವ ಹೊತ್ತಿಗೆ ಅವನು ಸೊಕ್ಕಿನಿಂದ ಗೋಡೆ ತಟ್ಟುತ್ತಾನೆ. ಒಳಗಿನಿಂದ ಬೆಕ್ಕು ಕೂಗುತ್ತದೆ. ಅಲ್ಲಿ ಬೆಕ್ಕು ಯಾವ ಪತ್ತೆಯನ್ನೂ ಮಾಡಲಿಲ್ಲ. ಅದು ಸಾವು ನಡೆದ ಜಾಗದಲ್ಲಿ ಇತ್ತು, ಬದುಕಿತ್ತು, ಕೂಗಿತು.

ಅಷ್ಟೇ ಸಾಕಾಗುತ್ತದೆ ಎಂಬುದಕ್ಕೆ ಕೋರ್ಟಿನ ದಾಖಲೆಯೂ ಇದೆ. 1994ರಲ್ಲಿ ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದಲ್ಲಿ ಒಬ್ಬ ಹೆಂಗಸು ಕಾಣೆಯಾದಳು. ಪೊಲೀಸರಿಗೆ ರಕ್ತದ ಕಲೆಯಿದ್ದ ಚರ್ಮದ ಜಾಕೆಟ್ ಸಿಕ್ಕಿತು, ಅದರಲ್ಲಿ ಕೆಲವು ಬಿಳಿ ಕೂದಲು. ಅವು ಬೆಕ್ಕಿನವು. ಆಕೆಯಿಂದ ದೂರವಾಗಿದ್ದ ಸಂಗಾತಿ ತನ್ನ ಹೆತ್ತವರ ಜೊತೆ ಇದ್ದ, ಆ ಮನೆಯಲ್ಲಿ ಸ್ನೋಬಾಲ್ ಎಂಬ ಬಿಳಿ ಬೆಕ್ಕಿತ್ತು. ಅಮೆರಿಕದ ಪ್ರಯೋಗಾಲಯವೊಂದರಲ್ಲಿ ಬೆಕ್ಕುಗಳ ವಂಶವಾಹಿ ಅಧ್ಯಯನ ಮಾಡುತ್ತಿದ್ದ ಸ್ಟೀಫನ್ ಓಬ್ರಿಯನ್ ಅವರ ತಂಡ ಕೂದಲಿನ ಡಿಎನ್‌ಎಯನ್ನು ಸ್ನೋಬಾಲ್‌ನ ರಕ್ತದೊಂದಿಗೆ ತಾಳೆ ನೋಡಿತು. ಹೊಂದಿತು. 1996ರಲ್ಲಿ ಆಕೆಯ ಕೊಲೆಗಾಗಿ ಅವನಿಗೆ ಶಿಕ್ಷೆಯಾಯಿತು. ಬೆಕ್ಕಿನ ಡಿಎನ್‌ಎ ಕೊಲೆ ಮೊಕದ್ದಮೆಯಲ್ಲಿ ಸಾಕ್ಷ್ಯವಾದದ್ದು ಅದೇ ಮೊದಲು. ಸ್ನೋಬಾಲ್ ಮಾಡಿದ್ದಾದರೂ ಏನು? ಮನೆಯವನ ಬಟ್ಟೆಗೆ ಮೈ ಉಜ್ಜಿತ್ತು.

ಈಗ ಲಿಲಿಯನ್ ಬ್ರೌನ್ ಅವರ ಕಡೆಗೇ ವಾಪಸು ಬರುತ್ತೇನೆ, ಯಾಕೆಂದರೆ ಅವರ ಬೆಕ್ಕಿನ ಕತೆಗಳ ಬೇರು ಅಷ್ಟೊಂದು ಬೆಚ್ಚಗಿಲ್ಲ. ಅವರ ಪ್ರೀತಿಯ ಸಯಾಮೀಸ್ ಬೆಕ್ಕು ಅಪಾರ್ಟ್‌ಮೆಂಟಿನ ಹತ್ತನೇ ಮಹಡಿಯಿಂದ ಬಿದ್ದು ಸತ್ತಿತು. ಯಾರೋ ಬೇಕೆಂದೇ ನೂಕಿದರು ಎಂಬ ಮಾತು ಅವರ ಕಿವಿಗೆ ಬಿತ್ತು. ಸಾಬೀತು ಮಾಡುವುದು ಹೇಗೆ, ಯಾರ ಮುಂದೆ? ಆ ಸಂಕಟದಿಂದ ಹೊರಬರಲು ಅವರು ಒಂದು ಸಣ್ಣಕತೆ ಬರೆದರು. ಮರಿಯನ್ನು ಕಳೆದುಕೊಂಡ ತಾಯಿಬೆಕ್ಕು ಅದರ ಕೇಂದ್ರ. 1962ರಲ್ಲಿ ಅದು ‘ಎಲ್ಲರಿ ಕ್ವೀನ್ಸ್ ಮಿಸ್ಟರಿ ಮ್ಯಾಗಜೀನ್’ನಲ್ಲಿ ಅಚ್ಚಾಯಿತು. ಕೋಕೊ ಹುಟ್ಟಿದ್ದು ಅದಾದ ಮೇಲೆ. ಅಂದರೆ, ಕಿವಿಗೆ ಬಿದ್ದ ಆ ಮಾತು ನಿಜವಾದರೆ, ಬೆಕ್ಕು ಪತ್ತೇದಾರನಾಗುವ ಮೊದಲು ಕೊಲೆಯಾದದ್ದು ಬೆಕ್ಕೇ, ಮತ್ತು ಆ ಕೊಲೆಯನ್ನು ಯಾರೂ ಪತ್ತೆ ಮಾಡಲಿಲ್ಲ.

ಹೆಬ್ಬಾಳದಿಂದ ಯಲಹಂಕದವರೆಗೆ ಏರ್‌ಪೋರ್ಟ್ ರಸ್ತೆಯ ಎರಡೂ ಬದಿ ಈಗ ಅಂಥ ಮಹಡಿಗಳೇ. ಪಾರಿವಾಳ ಬರದಿರಲಿ ಎಂದು ಬಾಲ್ಕನಿಗಳಿಗೆ ಬಲೆ ಕಟ್ಟಿಸುತ್ತಾರೆ. ಬೆಕ್ಕು ಸಾಕಿದವರಿಗೆ ಅದೇ ಬಲೆ ಒಳಗಿನ ಜೀವ ಬೀಳದಿರಲಿ ಎಂದು. 1987ರಲ್ಲಿ ನ್ಯೂಯಾರ್ಕಿನ ಪಶುವೈದ್ಯರು ಎತ್ತರದಿಂದ ಬಿದ್ದು ಆಸ್ಪತ್ರೆ ಸೇರಿದ 132 ಬೆಕ್ಕುಗಳ ಲೆಕ್ಕ ಬರೆದಿಟ್ಟರು. ಚಿಕಿತ್ಸೆ ಪಡೆದವುಗಳಲ್ಲಿ ನೂರಕ್ಕೆ ತೊಂಬತ್ತು ಬದುಕಿದ್ದವು. ಆದರೆ ಬಿದ್ದದ್ದೋ ನೂಕಿದ್ದೋ ಎಂಬುದನ್ನು ಯಾವ ಎಕ್ಸ್‌ರೇಯೂ ಹೇಳುವುದಿಲ್ಲ. ಕಾನೂನಿನ ತಕ್ಕಡಿಯನ್ನೂ ನೋಡಿ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಲ್ಲಿ ಮೊದಲ ಸಲದ ಹಿಂಸೆಗೆ ದಂಡ ಹತ್ತರಿಂದ ಐವತ್ತು ರೂಪಾಯಿ. ಹಳೆಯ ದಂಡ ಸಂಹಿತೆಯ 428ನೇ ಕಲಂ ಪ್ರಾಣಿಯನ್ನು ಕೊಂದದ್ದನ್ನು ಅಪರಾಧ ಎಂದು ಎಣಿಸಬೇಕಾದರೆ ಅದರ ಬೆಲೆ ಕನಿಷ್ಠ ಹತ್ತು ರೂಪಾಯಿ ಇರಬೇಕಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಆ ಬೆಲೆಪಟ್ಟಿಯನ್ನು ತೆಗೆದುಹಾಕಿ, ಯಾವುದೇ ಪ್ರಾಣಿಯನ್ನು ಕೊಂದರೆ ಐದು ವರ್ಷದವರೆಗೂ ಸಜೆ ಎಂದಿದೆ. ಬೀದಿಯ ಬೆಕ್ಕಿನ ಜೀವಕ್ಕೆ ಬೆಲೆ ಕೇಳದೆ ಲೆಕ್ಕ ಇಡಬೇಕು ಎನ್ನಲು ನಮಗೆ ಇಷ್ಟು ಕಾಲ ಹಿಡಿಯಿತು. ಇನ್ನು ಅದನ್ನು ನೋಡಿದೆ ಎಂದು ಮುಂದೆ ಬರುವವರು ಬೇಕು.

ಇಲ್ಲಿ ಸಣ್ಣ ಊರಿನ ಮಾತು ಬರುತ್ತದೆ. ಹೆಚ್ಚಿನ ಕೋಜಿ ಕಾದಂಬರಿಗಳು ಹಳ್ಳಿಯನ್ನೋ ಪುಟ್ಟ ಪಟ್ಟಣವನ್ನೋ ಬಿಟ್ಟು ಕದಲುವುದಿಲ್ಲ, ಯಾಕೆಂದರೆ ಅಲ್ಲಿ ಒಬ್ಬರು ಸತ್ತರೆ ಎಲ್ಲರಿಗೂ ಗೊತ್ತಾಗುತ್ತದೆ. ಕ್ವಿಲ್ಲರನ್ ಕೂಡ ಆಮೇಲೆ ಮಹಾನಗರ ಬಿಟ್ಟು ದೂರದ ಮೂಸ್ ಕೌಂಟಿ ಸೇರುತ್ತಾನೆ. ಯಲಹಂಕವೂ ಮೊನ್ನೆ ಮೊನ್ನೆಯವರೆಗೆ ಅಂಥ ಊರೇ. ಕೆಂಪೇಗೌಡರ ಮನೆತನ ಆಳಿದ ಊರು; 2007ರಲ್ಲಿ ಬೃಹತ್ ಬೆಂಗಳೂರಿಗೆ ಸೇರುವವರೆಗೆ ಅದಕ್ಕೆ ತನ್ನದೇ ನಗರಸಭೆ ಇತ್ತು. ಕೋಟೆ ಬೀದಿಯಲ್ಲಿ ಯಾರ ಮನೆಯ ಹುಡುಗ ಯಾವ ಬಸ್ಸಿಗೆ ಹೋದ ಎಂಬುದು ಹತ್ತು ಮನೆಗೆ ಗೊತ್ತಿರುತ್ತಿತ್ತು. ಅದು ಸುಖವೂ ಹೌದು, ಉಸಿರುಕಟ್ಟೂ ಹೌದು. ಹತ್ತು ಮನೆಗೆ ಗೊತ್ತಾದದ್ದು ಹತ್ತು ಬಣ್ಣ ತಾಳುತ್ತದೆ. ಹಾಗಾಗಿಯೇ ಅನೇಕರು ಅಪಾರ್ಟ್‌ಮೆಂಟಿನ ಅನಾಮಧೇಯತೆಗೆ ಓಡಿಬಂದರು. ಅಲ್ಲಿ ಗೇಟಿನ ಆ್ಯಪಿನಲ್ಲಿ ಯಾರು ಯಾವ ನಿಮಿಷಕ್ಕೆ ಬಂದರು ಎಂಬ ದಾಖಲೆ ಇದೆ, ಪಕ್ಕದ ಮನೆಯವರ ಹೆಸರು ಗೊತ್ತಿಲ್ಲ. ವಾಟ್ಸ್ಆ್ಯಪ್ ಗುಂಪಿನಲ್ಲಿ ಮಾತ್ರ ಹಳೆಯ ಬೀದಿಯ ನಾಲಿಗೆ ಹಾಗೇ ಉಳಿದಿದೆ.

ಆರ್.ಟಿ. ನಗರದ ಹಳೆಯ ಭಾಗದಲ್ಲಿ, ಮೂವತ್ತು-ನಲವತ್ತರ ಸೈಟುಗಳ ಕಾಂಪೌಂಡ್ ಗೋಡೆಗಳು ಒಂದಕ್ಕೊಂದು ಅಂಟಿಕೊಂಡಿರುವ ನಮ್ಮ ಬೀದಿಯಲ್ಲಿ ಒಂದು ಬೆಕ್ಕಿದೆ. ಬಿಳಿ ಮೈ, ಬೆನ್ನ ಮೇಲೆ ಬೂದು ತೇಪೆ, ಎಡಗಿವಿಯ ತುದಿ ಹರಿದಿದೆ. ಮೂಲೆಮನೆಯ ಅಜ್ಜಿಗೆ ಅದು ಚಿನ್ನಿ. ‘ನಮ್ಮ ಚಿನ್ನಿ ಶುದ್ಧ ಕಣಪ್ಪ, ಮೊಸರನ್ನ ಬಿಟ್ರೆ ಬೇರೆ ಮುಟ್ಟಲ್ಲ, ಮೀನಿನ ವಾಸನೆಗೇ ಮುಖ ತಿರುಗಿಸುತ್ತೆ’ ಎಂದು ಅವರು ಹೆಮ್ಮೆಯಿಂದ ಹೇಳುತ್ತಾರೆ. ಅವರ ಮನೆಯಿಂದ ಮೂರನೇ ಕಾಂಪೌಂಡಿನಲ್ಲಿ ಅದೇ ಬೆಕ್ಕಿನ ಹೆಸರು ಶೇರು. ಭಾನುವಾರ ಬಂಗಡೆ ಮೀನಿನ ತಲೆಗೆ ಅಲ್ಲಿ ಅದು ಹೊತ್ತಿಗೆ ಸರಿಯಾಗಿ ಹಾಜರು. ಅಲ್ಲಿಂದ ಮೀಸೆ ನೆಕ್ಕಿಕೊಂಡು ಗೋಡೆ ಹತ್ತಿ ಅಜ್ಜಿಯ ತುಳಸಿಕಟ್ಟೆಯ ಪಕ್ಕ ಬಂದು ಮಲಗುತ್ತದೆ. ನಮ್ಮ ಮಹಡಿಯಿಂದ ಎರಡೂ ಅಂಗಳ ಕಾಣುತ್ತವೆ. ಅಜ್ಜಿಗೆ ನಾನು ಹೇಳಿದ್ದು ‘ಹೌದಜ್ಜಿ, ಒಳ್ಳೇ ಬೆಕ್ಕು’ ಎಂದಷ್ಟೇ. ಅದೇನೂ ಸುಳ್ಳಲ್ಲ.

ಆ ಬೆಕ್ಕಿಗೆ ನಮ್ಮ ಬೀದಿಯ ಮನೆಮನೆಯ ಹೊಟ್ಟೆಯೊಳಗಿನ ವಿಷಯ ಗೊತ್ತು. ಯಾರು ರಾತ್ರಿ ಒಬ್ಬರೇ ಅಡುಗೆಮನೆಯಲ್ಲಿ ಕೂತು ಅಳುತ್ತಾರೆ, ಯಾರು ವೈದ್ಯರು ಬೇಡವೆಂದದ್ದನ್ನು ಕದ್ದು ತಿನ್ನುತ್ತಾರೆ, ಎಲ್ಲ. ಒಂದು ಮನೆಯದನ್ನು ಇನ್ನೊಂದು ಮನೆಗೆ ಒಯ್ಯುವುದಿಲ್ಲ. ಜನ ಬೆಕ್ಕಿನ ಎದುರು ಬಟ್ಟೆ ಬದಲಾಯಿಸಲು, ತಮ್ಮಷ್ಟಕ್ಕೆ ಮಾತಾಡಿಕೊಳ್ಳಲು ನಾಚುವುದಿಲ್ಲ. ಪತ್ತೇದಾರಿ ಕಾದಂಬರಿಯಲ್ಲಿ ಕೊಲೆಗಾರನೂ ಅದರ ಎದುರು ಜಾಗ್ರತೆ ತಪ್ಪುವುದು ಇದೇ ಕಾರಣಕ್ಕೆ. ನಮ್ಮೊಳಗೆ ಒಂದು ಹಸಿವಿದೆ: ಯಾರಾದರೂ ನಮ್ಮನ್ನು ಪೂರ್ತಿ ನೋಡಿರಲಿ, ನೋಡಿದ್ದನ್ನು ನಮ್ಮ ಮೇಲೆ ಆಯುಧ ಮಾಡದಿರಲಿ. ಮನುಷ್ಯರಲ್ಲಿ ಈ ಎರಡೂ ಒಟ್ಟಿಗೆ ಸಿಗುವುದು ಅಪರೂಪ.

ನಮ್ಮ ತತ್ತ್ವಜ್ಞಾನಕ್ಕೆ ಈ ಹಸಿವು ಚೆನ್ನಾಗಿ ಗೊತ್ತಿತ್ತು. ಮುಂಡಕೋಪನಿಷತ್ತಿನಲ್ಲಿ ಒಂದೇ ಮರದ ಮೇಲೆ ಎರಡು ಹಕ್ಕಿಗಳು. ಒಂದು ಹಣ್ಣು ತಿನ್ನುತ್ತದೆ, ಇನ್ನೊಂದು ತಿನ್ನದೆ ನೋಡುತ್ತಿರುತ್ತದೆ. ಆ ನೋಡುವ ಹಕ್ಕಿಯನ್ನು ವೇದಾಂತ ಸಾಕ್ಷಿ ಎಂದು ಎತ್ತರದಲ್ಲಿ ಇಟ್ಟಿತು. ನಮ್ಮ ಶಾಸನ ಬರೆಸಿದವರೂ ದಾನಕ್ಕೆ ಸೂರ್ಯಚಂದ್ರರನ್ನು ಕಲ್ಲಿನ ನೆತ್ತಿಯಲ್ಲಿ ಕೆತ್ತಿಸಿದರು, ಅವರಿಬ್ಬರು ನೋಡುತ್ತಿರುತ್ತಾರೆ ಎಂದು. ಬರೀ ನೋಡುವುದರಲ್ಲಿ ಒಂದು ಶಾಂತಿ ಇರುವುದು ನಿಜ. ಆದರೆ ಲೋಕದ ವ್ಯವಹಾರದಲ್ಲಿ ಆ ಶಾಂತಿ ಎಲ್ಲಿಯವರೆಗೆ ಸರಿ? ತಿನ್ನುವ ಹಕ್ಕಿಯ ಕೊರಳಿಗೆ ಯಾರಾದರೂ ಕೈ ಹಾಕಿದರೆ ಎರಡನೆಯ ಹಕ್ಕಿ ಏನು ಮಾಡಬೇಕು? ಉಪನಿಷತ್ತಿಗೆ ಈ ಪ್ರಶ್ನೆ ಬೇಕಿರಲಿಲ್ಲ, ಅದರ ದಾರಿ ಬೇರೆ. ಬೆಕ್ಕಿನ ಕಾದಂಬರಿಗಳು ಈ ಪ್ರಶ್ನೆಯನ್ನೇ ಆಟದ ವೇಷದಲ್ಲಿ ಹಿಡಿದುಕೊಂಡಿವೆ.

ಕೊಲೆಯನ್ನು ಚಹಾದ ಜೊತೆಗಿನ ಬಿಸ್ಕತ್ತು ಮಾಡಿಬಿಡುತ್ತವೆ ಎಂದು ಈ ಕಾದಂಬರಿಗಳನ್ನು ಬೈಯುವವರಿದ್ದಾರೆ. ಬೈಗುಳದಲ್ಲಿ ಹುರುಳಿದೆ. ಸತ್ತವರಿಗಾಗಿ ಅಲ್ಲಿ ಯಾರೂ ಹೆಚ್ಚು ಅಳುವುದಿಲ್ಲ. ಆದರೂ ಒಂದು ಮಾತನ್ನು ಅವು ಬಿಟ್ಟುಕೊಡುವುದಿಲ್ಲ: ಒಂದು ಜೀವ ಹೋಯಿತೆಂದರೆ ಊರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಮುಂದೆ ಹೋಗಕೂಡದು. 2018ರಲ್ಲಿ ಹೆಬ್ಬಾಳದಲ್ಲಿ ಒಂದು ವೀರಗಲ್ಲು ಸಿಕ್ಕಿತು. ಎಂಟನೇ ಶತಮಾನದ್ದು, ಗಂಗರ ಶ್ರೀಪುರುಷನ ಕಾಲದ್ದು, ಬೆಂಗಳೂರು ನಗರದಲ್ಲಿ ಸಿಕ್ಕ ಕನ್ನಡ ಶಾಸನಗಳಲ್ಲೇ ಹಳೆಯದು ಎಂದು ಪರಿಣತರು ಗುರುತಿಸಿದರು. ಹೋರಾಟದಲ್ಲಿ ಮಡಿದ ಕಿತ್ತಯ್ಯ ಎಂಬವನ ಹೆಸರು ಅದರಲ್ಲಿದೆ. ಅವನ ಬದುಕಿನ ಬಗ್ಗೆ ಆ ಕಲ್ಲು ಹೇಳುವುದು ಕೊಂಚವೇ. ಸಾವನ್ನು ಮಾತ್ರ ಊರು ಕಲ್ಲಿನಲ್ಲಿ ಬರೆದಿಟ್ಟಿತು, ಹನ್ನೆರಡೂವರೆ ಶತಮಾನ ದಾಟಿ ನಮಗೂ ಓದಲು ಬರುವ ಹಾಗೆ.

ಇದನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಬೆಕ್ಕಿನ ಪತ್ತೇದಾರಿಯ ನಿಯಮ ಸರಳವಾಗಿ ಕಾಣುತ್ತದೆ. ಕೋಕೊಗೆ ಊರವರ ಸಾಲ, ಸರಸ, ಸಣ್ಣ ಸುಳ್ಳು ಎಲ್ಲ ಗೊತ್ತಿದ್ದೀತು. ಅದಕ್ಕಾಗಿ ಅದು ಒಂದು ಪುಸ್ತಕವನ್ನೂ ಕೆಡವುವುದಿಲ್ಲ. ಕೊಲೆಯಾದಾಗ ಕೆಡವುತ್ತದೆ. ನಾವು ಮಾಡುವುದು ಇದರ ತಿರುವುಮುರುವು. ಮೂರನೇ ಮಹಡಿಯ ಹುಡುಗಿ ಎಷ್ಟು ಗಂಟೆಗೆ ಯಾರ ಬೈಕಿನಿಂದ ಇಳಿದಳು ಎಂಬುದಕ್ಕೆ ಫೋಟೊ ಸಮೇತ ಸಾಕ್ಷಿ ಹೇಳುತ್ತೇವೆ. ಅದೇ ಮಹಡಿಯ ಇನ್ನೊಂದು ಬಾಗಿಲ ಹಿಂದೆ ರಾತ್ರಿ ಹೊಡೆತದ ಸದ್ದು ಕೇಳಿದರೆ, ಅವರ ಮನೆ ವಿಷಯ, ನಮಗ್ಯಾಕೆ ಎಂದು ಟಿವಿ ಜೋರು ಮಾಡುತ್ತೇವೆ. ಮನೆಗೆಲಸಕ್ಕೆಂದು ತಂದಿಟ್ಟ ಮಗು ಕಿಟಕಿಯಲ್ಲಿ ನಿಂತಿರುವುದನ್ನು ನೋಡಿಯೂ ನೋಡುವುದಿಲ್ಲ. ಸಣ್ಣದಕ್ಕೆ ನಾಲಿಗೆ ಉದ್ದ, ದೊಡ್ಡದಕ್ಕೆ ಕಿವಿ ಮಂದ.

ಯಾವುದಕ್ಕೆ ಸುಮ್ಮನಿರಬೇಕು, ಯಾವುದಕ್ಕೆ ಸುಮ್ಮನಿರಬಾರದು ಎಂಬ ಅಳತೆಯನ್ನು ಯಾವ ಅಸೋಸಿಯೇಷನ್ ಬೈಲಾವೂ ಬರೆದುಕೊಡುವುದಿಲ್ಲ. ಪೊಲೀಸರು, ಕ್ಯಾಮೆರಾ, ಕಲಂ ಎಲ್ಲ ಬರುವುದು ಆದ ಮೇಲೆ. ಅದಕ್ಕೂ ಮೊದಲು, ಪಕ್ಕದಲ್ಲಿ ಇರುವವರು ಗಮನಿಸಿರಬೇಕು. ಗಮನಿಸಿದ್ದರಲ್ಲಿ ಹೆಚ್ಚಿನದನ್ನು ಹೊಟ್ಟೆಯಲ್ಲೇ ಇಟ್ಟುಕೊಳ್ಳುವ ದೊಡ್ಡತನ ಬೇಕು. ಒಂದು ಜೀವಕ್ಕೆ ಕುತ್ತು ಬಂದಾಗ ಮಾತ್ರ, ತಮಗೆ ತೊಂದರೆಯಾದರೂ ಸರಿ, ಸದ್ದು ಮಾಡಬೇಕು. ಬೆಕ್ಕಿಗೆ ಈ ಗುಣಗಳಿವೆಯೋ ಇಲ್ಲವೋ, ಕಾದಂಬರಿಕಾರರು ಅದರ ಮೇಲೆ ಇವನ್ನು ಹೊರಿಸಿದರು. ಊರವರ ಮೇಲೆ ಹೊರಿಸಿದ್ದರೆ ಓದುಗರು ನಂಬುತ್ತಿರಲಿಲ್ಲ. ಆ ಅಪನಂಬಿಕೆಯನ್ನು ಸುಳ್ಳು ಮಾಡುವ ಕೆಲಸ ಬೆಕ್ಕಿನದಲ್ಲ, ಪಕ್ಕದ ಮನೆಯವರದು. ಅಂದರೆ ನಮ್ಮದು.